ಮೊಟ್ಟೆಗೆ ಬೆಳಕು, ಬಸುರಿಗೆ ಕತ್ತಲು

ಅಧ್ಯಕ್ಷ ಸ್ಥಾನದಲ್ಲಿರುವ ನಮ್ಮ ಸಂಘದ ಹಿರಿಯರೇ, ಮುಖ್ಯ ಅತಿಥಿಯಾಗಿ ಬಂದಿರುವ ಡಾಕ್ಟರಮ್ಮನವರೇ, ಕರೆಯದಿದ್ದರೂ ಬಂದು ಮುಂದಿನ ಸಾಲಿನಲ್ಲೇ ಕುಳಿತಿರುವ ಮ್ಯಾನೇಜರ್ ಸಾಹೇಬರೇ, ಕೋಳಿಮರಿ ಕೇಂದ್ರದ ನನ್ನ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಸಭಿಕರೇ,

ನಾವು ಗೆದ್ದಿದ್ದೇವೆ! ಮೊದಲು ಇದನ್ನು ಹೇಳಿಬಿಡುತ್ತೇನೆ, ಆಮೇಲೆ ಭಾಷಣ. ನಾಳೆಯಿಂದ ನಮ್ಮ ಯಾವ ಬಸುರಿಗೇ ಆಗಲಿ, ಡಾಕ್ಟರು ಬರೆದುಕೊಟ್ಟರೆ ಸಾಕು, ಪಾಳಿ ಶುರುವಾದೊಡನೆ ಅರ್ಧ ಗಂಟೆ ಬೆಳಕಿನ ಪೆಟ್ಟಿಗೆಯ ಮುಂದೆ ಕೂರುತ್ತಾಳೆ. ಸಂಬಳದಲ್ಲಿ ಕಡಿತವಿಲ್ಲ!

"ಬೆಳಕಿನ ಮುಂದೆ ಕೂರೋಕೂ ಸಂಬಳವಾ?" ಎಂದು ಕೇಳಿದವರಿದ್ದಾರೆ. ಅವರು ಮೊಟ್ಟೆ ನೋಡುವ ಕೋಣೆಗೆ ಎಂದಾದರೂ ಕಾಲಿಟ್ಟಿದ್ದಾರೆಯೇ? ಕಿಟಕಿಯಿಲ್ಲ. ಬಾಗಿಲಿಗೆ ಕಪ್ಪು ಪರದೆ. ಒಂದೊಂದು ಮೊಟ್ಟೆಯನ್ನೂ ದೀಪಕ್ಕೆ ಹಿಡಿದು, ಒಳಗೆ ಮರಿ ಬೆಳೆಯುತ್ತಿದೆಯೇ ಎಂದು ನೋಡಬೇಕಾದರೆ ಸುತ್ತ ಕತ್ತಲಿರಬೇಕು. ಚಳಿಗಾಲದಲ್ಲಿ ಸೂರ್ಯ ಹುಟ್ಟುವ ಮೊದಲು ಒಳಗೆ ಹೋಗುತ್ತೇವೆ, ಮುಳುಗಿದ ಮೇಲೆ ಹೊರಗೆ ಬರುತ್ತೇವೆ. ಮೊಟ್ಟೆಯೊಳಗಿನ ಜೀವಕ್ಕೆ ಬೆಳಕು ಹಿಡಿಯುವ ಕಂಪನಿಯೇ, ಹೊಟ್ಟೆಯಲ್ಲಿ ಜೀವ ಹೊತ್ತವಳಿಗೆ ಕತ್ತಲೇಕೆ? ಉತ್ತರ ಕೊಡಿ!

ನನ್ನ ನಾದಿನಿ ಆ ಕೋಣೆಯವಳು. ಐದನೇ ತಿಂಗಳಿಗೆ ಬಂದಾಗ ಅವಳ ಮಾತು ನಿಂತಿತು. ತಲೆ ಬಾಚುವುದು ನಿಂತಿತು. ಮೊಟ್ಟೆ ಕೈಯಲ್ಲಿ ಹಿಡಿದು ಸುಮ್ಮನೆ ಕೂತಿರುತ್ತಿದ್ದಳು. ನಮ್ಮತ್ತೆ, "ಬಸುರೀಲಿ ಇದೆಲ್ಲ ಇದ್ದದ್ದೇ ಕಣೇ, ಹೆತ್ತ ಮೇಲೆ ಸರಿಹೋಗುತ್ತೆ" ಎಂದರು. ಸರಿಹೋಗುತ್ತದೆಯೇ? ನನಗೂ ಹಾಗೆಯೇ ಹೇಳಿದ್ದರು. ನನ್ನ ಹಿರಿಮಗಳು ನಡೆಯಲು ಕಲಿತದ್ದು ನನಗೆ ನೆನಪೇ ಇಲ್ಲ. ಯಾರ ಕೈ ಹಿಡಿದು ಕಲಿತಳೋ... ಇರಲಿ, ಅದು ಇವತ್ತಿನ ವಿಷಯವಲ್ಲ.

ಒಂದು ಸಂಜೆ ನಾದಿನಿ ಹೇಳಿದಳು: "ಅತ್ತಿಗೆ, ಮಗು ಒದ್ದರೂ ನಂಗೇನೂ ಅನ್ನಿಸಲ್ಲ. ನಾನಿಲ್ದಿದ್ರೇ ಅದಕ್ಕೆ ಒಳ್ಳೇದೇನೋ."

ಮರುದಿನವೇ ಅವಳನ್ನು ಡಾಕ್ಟರಮ್ಮನ ಮುಂದೆ ಕೂರಿಸಿದೆ. ಇದು ಸೋಮಾರಿತನವಲ್ಲ, ಖಿನ್ನತೆ ಎಂಬ ಕಾಯಿಲೆ ಎಂದರು. ಒಬ್ಬಳನ್ನೇ ಬಿಡಬೇಡಿ ಎಂದರು. ಕೂರಿಸಿಕೊಂಡು ಮಾತಾಡಿಸುವ ಚಿಕಿತ್ಸೆಯನ್ನು ತಾವೇ ಶುರುಮಾಡಿದರು, ಜೊತೆಗೆ ಬೆಳಕಿನ ಚಿಕಿತ್ಸೆಯನ್ನೂ ನೋಡೋಣ ಎಂದರು.

ಬೆಳಕು ತಾನೇ? ನಮ್ಮ ಬುದ್ಧಿ ಎಲ್ಲಿಗೆ ಓಡಬೇಕು? ಕೋಳಿ ಶೆಡ್ಡಿಗೆ! ದೀಪ ಹೆಚ್ಚು ಹೊತ್ತು ಉರಿದರೆ ಕೋಳಿ ಹೆಚ್ಚು ಮೊಟ್ಟೆ ಇಡುತ್ತದೆ, ನಮಗೆ ಗೊತ್ತಿದ್ದ ವಿದ್ಯೆ ಅದೊಂದೇ. ಶೆಡ್ಡಿನ ಬಲ್ಬುಗಳನ್ನು ತಂದು, ಕೆಲಸ ಮುಗಿದ ಮೇಲೆ ಸಂಜೆ ಹೊತ್ತು ಅವಳ ಸುತ್ತ ತೂಗುಹಾಕಿದೆವು. ಇದ್ದ ಅಷ್ಟಿಷ್ಟು ನಿದ್ದೆಯೂ ಹಾರಿಹೋಯಿತು. ಡಾಕ್ಟರಮ್ಮ ತಲೆ ಚಚ್ಚಿಕೊಂಡರು: "ಅವಳ ಕೈಲಿ ಮೊಟ್ಟೆ ಇಡಿಸ್ತೀರೇನ್ರಮ್ಮಾ? ಇದಕ್ಕೇ ಅಂತ ಬಿಳಿ ಬೆಳಕಿನ ಪೆಟ್ಟಿಗೆ ಇದೆ, ಆಸ್ಪತ್ರೆಯಿಂದ ಕೊಡ್ತೀನಿ. ಸಂಜೆ ಅಲ್ಲ, ಬೆಳಿಗ್ಗೆ! ನನ್ನ ಕೇಳದೆ ಏನೂ ಮಾಡ್ಬೇಡಿ!"

ಆಸ್ಪತ್ರೆ ಪೆಟ್ಟಿಗೆ ಕೊಟ್ಟಿತು. ಬೆಳಿಗ್ಗೆಯನ್ನು ಯಾರು ಕೊಡುತ್ತಾರೆ? ನಮ್ಮ ಬೆಳಿಗ್ಗೆ ಕಂಪನಿಯದಲ್ಲವೇ! ಮ್ಯಾನೇಜರರು, "ಮನೇಲೇ ಬೇಗ ಎದ್ದು ಕೂತ್ಕೊಳ್ಳಲಿ" ಎಂದರು. ಸಾಹೇಬರೇ, ನೀರು ಹಿಡಿದು, ಅಡುಗೆ ಮಾಡಿ, ನಿಮ್ಮ ವ್ಯಾನು ಹತ್ತುವವಳು ಇನ್ನೂ ಬೇಗ ಎದ್ದರೆ ಅದು ನಿನ್ನೆಯೇ ಆಗುತ್ತದೆ!

ಕೊನೆಗೆ ಒಂದು ಬೆಳಿಗ್ಗೆ ಇಡೀ ಕೋಣೆಯೇ ಸ್ಟೂಲು ಎತ್ತಿಕೊಂಡು ಹೊರಬಂದು, ಮನೆಯಿಂದ ಹೊತ್ತುತಂದಿದ್ದ ಪೆಟ್ಟಿಗೆಯ ಮುಂದೆ ಅವಳ ಜೊತೆ ಕೂತಿತು. ಗಂಡಸರೂ ಕೂತರು! ಮ್ಯಾನೇಜರರು ಓಡಿಬಂದು ವ್ಯಾನ್ ಡ್ರೈವರನನ್ನು ಹಿಡಿದರು: "ನೀನ್ಯಾವಾಗ ಬಸುರಿಯಾದ್ಯೋ?" ಅವನು, "ಅರ್ಧ ಗಂಟೆ ಕೊಡಿ ಸಾರ್, ಇಲ್ಲೇ ಹೆತ್ತು ಎದ್ದೋಗ್ತೀನಿ" ಎಂದ. ನಗಿ, ಮ್ಯಾನೇಜರರೇ, ನೀವೂ ನಗಿ. ಆವತ್ತು ನಕ್ಕಿರಲಿಲ್ಲ. ಅವಳೊಬ್ಬಳಿಗೆ ಅರ್ಧ ಗಂಟೆ ಅಂದೇ ಬಿಟ್ಟುಕೊಟ್ಟಿರಿ, ಎಲ್ಲ ಬಸುರಿಯರಿಗೂ ಎಂದು ಬರೆಸಿಕೊಳ್ಳಲು ಇವತ್ತಿನವರೆಗೆ ಹಿಡಿಯಿತು.

ಬೆಳಕು ಪವಾಡವಲ್ಲ. ಎಲ್ಲರಿಗೂ ಇದೇ ಸಾಕಾಗುವುದಿಲ್ಲ, ಮಾತ್ರೆ ಬೇಕಾದವರಿಗೆ ಮಾತ್ರೆಯೇ ಬೇಕು. ಆದರೆ ಕೆಲವು ವಾರಗಳಾದ ಮೇಲೆ ಒಂದು ದಿನ ಊಟಕ್ಕೆ ಕೂತವಳು ಗದರಿದಳು: "ಅತ್ತಿಗೆ, ಉಪ್ಪು ಹಾಕಿದ್ಯೋ, ಸುರಿದ್ಯೋ?" ಸಭಿಕರೇ, ಬೈಸಿಕೊಂಡು ಇಷ್ಟು ಖುಷಿಪಟ್ಟವಳನ್ನು ನೀವು ಕಂಡಿರಲಾರಿರಿ! ಆವತ್ತು ತಟ್ಟೆ ಖಾಲಿಯಾಯಿತು.

ನಿನ್ನೆ ನನಗೆ ಎಚ್ಚರಿಕೆ ಕೊಟ್ಟಿದ್ದಾಳೆ: "ಗೆದ್ದಿದ್ದು ನೀನು ಹೇಳು. ಆ ಕತ್ತಲು ನಂದು, ಅದನ್ನ ನಾನೇ ಹೇಳ್ತೀನಿ." ನಾನಾಗಲೇ ಅರ್ಧ ಹೇಳಿಬಿಟ್ಟಿದ್ದೇನೆ, ನೋಡಿ ಹೇಗೆ ಕಣ್ಣು ಬಿಡುತ್ತಿದ್ದಾಳೆ! ಅಗೋ, ಎದ್ದಳು. ದಾರಿ ಬಿಡಿ. ತುಂಬು ಬಸುರಿ ಅಂತ ವೇದಿಕೆಯ ಮೆಟ್ಟಿಲ ಹತ್ತಿರ ಯಾರೂ ಕೈ ಹಿಡಿಯಲು ಹೋಗಬೇಡಿ, ಬೈಸಿಕೊಳ್ಳುತ್ತೀರಿ.

ನನ್ನ ಜೊತೆ ಸ್ಟೂಲು ಎತ್ತಿದ ಪ್ರತಿಯೊಬ್ಬರಿಗೂ ಋಣಿ. ಇನ್ನು ಮಾತು ಅವಳದು. ನಮಸ್ಕಾರ.