ಗೊಂಬೆ ಕೇಳಿದ ಲೆಕ್ಕ

ನೋಡಿ, ಊರಿನ ಹೆಸರು ಬೇಡ. ನಮ್ಮದರಂಥದೇ ಒಂದು ಪೇಟೆಯ ಊರು ಅಂತಿಟ್ಟುಕೊಳ್ಳಿ. ಅಲ್ಲಿ ಉಳವಪ್ಪ ಎಂಬ ಬಟ್ಟೆ ಸಾಹುಕಾರನಿದ್ದ. ಅಪ್ಪ ಬಿಟ್ಟುಹೋದ ಒಂದು ಶಟರಿನ ಅಂಗಡಿಯನ್ನು ಮೂರಂತಸ್ತು ಮಾಡಿದ. ಲಾಭ ಬಂತು, ಗೋಡೆಗೆಲ್ಲ ಕನ್ನಡಿ ಹಾಕಿಸಿದ. ಮತ್ತೆ ಬಂತು, ಎಸಿ ಹಾಕಿಸಿದ. ಮತ್ತೂ ಬಂತು, ಮುಂಬಯಿಯಿಂದ ಆಳೆತ್ತರದ ಗೊಂಬೆಗಳನ್ನು ತರಿಸಿ, ಸೀರೆ ಉಡಿಸಿ, ಬಾಗಿಲಲ್ಲಿ ನಿಲ್ಲಿಸಿದ. ಕೆಟ್ಟ ಕಾಲಕ್ಕೆಂದು ಎಷ್ಟು ತೆಗೆದಿಟ್ಟ? ಏನೂ ಇಲ್ಲ. ಹೆಂಡತಿ ಕಾಶವ್ವ ಒಮ್ಮೆ ಕೇಳಿದಳು, "ಏನರ ಕೂಡಿಟ್ಟೀರೇನ್ರಿ?" "ಅಂಗಡಿ ಮಾತು ಅಂಗಡ್ಯಾಗ" ಅಂದುಬಿಟ್ಟ.

ಆಮೇಲೆ ಆ ರೋಗ ಬಂತು. ನೀವೂ ಕಂಡಿದ್ದೀರಿ, ನಾನೂ ಕಂಡಿದ್ದೇನೆ. ಮದುವೆ ಸೀಸನ್ನಿಗೆಂದು ಉಳವಪ್ಪ ಸಾಲ ಮಾಡಿ ರೇಷ್ಮೆ ತುಂಬಿಸಿದ್ದ. ಪೇಟೆಯೇ ಮುಚ್ಚಿತು. ಕೆಲಸದವರಿಗೆ "ಹೇಳಿ ಕಳಸ್ತೀನಿ" ಅಂದ. ಹೇಳಿ ಕಳಿಸಲಿಲ್ಲ.

ಸೀರೆಗೆ ಹುಳ ಹತ್ತಬಾರದೆಂದು ದಿನಾ ಮಧ್ಯಾಹ್ನ ಹಿಂಬಾಗಿಲಿನಿಂದ ಒಬ್ಬನೇ ಅಂಗಡಿಗೆ ಹೋಗತೊಡಗಿದ. ಹೊರಗೆ ಸುಡುವ ಬಿಸಿಲು, ಒಂದು ಸೈಕಲ್ಲಿನ ಸದ್ದೂ ಇಲ್ಲ. ಒಳಗೆ ಅರೆಗತ್ತಲು. ಕನ್ನಡಿಯಲ್ಲಿ ಒಂದು ಗೊಂಬೆ, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಎಲ್ಲವುಗಳ ಮುಖವೂ ಅವನ ಕಡೆಗೇ. ಒಂದು ದಿನ ನೋಡುತ್ತಾನೆ, ನಿನ್ನೆ ಹಸಿರು ಸೀರೆಯಲ್ಲಿದ್ದ ಗೊಂಬೆ ಇವತ್ತು ಕೆಂಪು ಸೀರೆಯಲ್ಲಿದೆ. ಹಾಕಿದ ಬೀಗ ಹಾಕಿದ ಹಾಗೇ ಇದೆ. ಕೀಲಿಕೈ ಅವನ ಸೊಂಟದಲ್ಲೇ ಇದೆ. ಮರುದಿನ ಬಾಗಿಲ ಗೊಂಬೆ ಮೆಟ್ಟಿಲ ಬಳಿ ಬಂದು ನಿಂತಿತ್ತು. ಇನ್ನೊಂದು ದಿನ ಎಲ್ಲ ಗೊಂಬೆಗಳೂ ಗಲ್ಲಾಪೆಟ್ಟಿಗೆಯ ಸುತ್ತ ನೆರೆದಿದ್ದವು. ಉಳವಪ್ಪನ ಬೆನ್ನಿನ ಮೇಲೆ ಬೆವರಿಳಿಯಿತು. ಓಡಿ ಹೋದನೇ? ಇಲ್ಲ. ಯಾರಿಗಾದರೂ ಹೇಳಿದನೇ? ಅದೂ ಇಲ್ಲ. ಮರುದಿನ ಮತ್ತೆ ಹೋದ.

ಗಂಡ ಊಟ ಬಿಟ್ಟಿದ್ದನ್ನು ನೋಡಿ ತಾಳಲಾರದೆ ಕಾಶವ್ವ ಒಂದು ಮಧ್ಯಾಹ್ನ ಸದ್ದಿಲ್ಲದೆ ಹಿಂದೆಯೇ ಬಂದು ಮೆಟ್ಟಿಲ ಮರೆಗೆ ನಿಂತಳು. ಏನು ಕಂಡಳು? ಗಂಡನೇ ಒಂದು ಗೊಂಬೆಯ ಸೀರೆ ಬಿಚ್ಚಿ ಬೇರೆ ಸೀರೆ ಉಡಿಸುತ್ತಿದ್ದ. ತಾನೇ ಎತ್ತಿ ತಂದು ಗಲ್ಲಾದ ಮುಂದೆ ನಿಲ್ಲಿಸುತ್ತಿದ್ದ. ಕಣ್ಣು ತೆರೆದಿತ್ತು, ಎಚ್ಚರವಿರಲಿಲ್ಲ.

"ಬರ್ರಿ ಅಕ್ಕಾರ, ಕುಂಡ್ರಿ. ಹೊಸಾ ಮಾಲ್ ಭಾಳ ಬಂದೈತಿ." ಗೊಂಬೆಗೆ ಹೀಗೆ ಹೇಳಿ ಅವನ ದನಿ ತಗ್ಗಿತು. "ಯಾರಿಗೂ ಹೇಳಬ್ಯಾಡ್ರಿ. ನನ್ನ ಹತ್ರ ಏನೂ ಉಳದಿಲ್ಲ."

ಕಾಶವ್ವನ ಬಾಯಿಂದ ಮಾತು ತಾನಾಗಿ ಬಂತು. "ಏನೂ ಅಂದ್ರ ಏನೂ ಇಲ್ಲೇನ್ರಿ?"

ಉಳವಪ್ಪ ತಿರುಗಿ ನೋಡಲಿಲ್ಲ. ಗೊಂಬೆಯ ಮುಖವನ್ನೇ ನೋಡುತ್ತ ಉತ್ತರ ಕೊಟ್ಟ. "ಇಲ್ರಿ ಅಕ್ಕಾರ. ಎಲ್ಲಾ ಕನ್ನಡಿಗೆ ಹಾಕೇನಿ."

"ಸಾಲ?"

"ಮನೀ ಅಡಾ ಇಟ್ಟೇನಿ."

"ಮನ್ಯಾಗ ಹೇಳೀರೇನ್ರಿ?"

"ಹ್ಯಾಂಗ ಹೇಳ್ಲಿ? ಆಕಿ ನನ್ನ ದೊಡ್ಡ ಸಾವ್ಕಾರ ಅನಕೊಂಡಾಳ."

ಅಯ್ಯೋ, ನೋಡಿ! ಜೊತೆಗೆ ಬಾಳಿದವಳಿಗೆ ಹೇಳದ ಮಾತು ಪ್ಲಾಸ್ಟಿಕ್ಕಿನ ಕಿವಿಗೆ ಸಿಕ್ಕಿತು! ಕಾಶವ್ವ ಮುಂದೆ ಬಂದು ಅವನ ಮಣಿಕಟ್ಟು ಹಿಡಿದಳು. ಅವಳ ಕೈ ಬೆಚ್ಚಗಿತ್ತು. ಗೊಂಬೆಯ ಕೈಯೆಂದುಕೊಂಡದ್ದು ಬೆಚ್ಚಗಿದ್ದದ್ದಕ್ಕೇ ಉಳವಪ್ಪ ಚೀರಿದ. ಆಮೇಲೆ ಹೆಂಡತಿಯ ಮುಖ ಗುರುತು ಹತ್ತಿ, ನೆಲಕ್ಕೆ ಕುಸಿದು ಅತ್ತ.

ಕಾಶವ್ವ ಬೈಯಲಿಲ್ಲ. ಕೆಲಸದವರನ್ನು ಅಂಗಳಕ್ಕೆ ಕರೆಸಿ, ದೂರ ದೂರ ಕೂರಿಸಿ, ಗಂಡನ ಬಾಯಿಂದಲೇ ಇದ್ದದ್ದು ಇದ್ದ ಹಾಗೆ ಹೇಳಿಸಿದಳು. ಕೆಲವರು ಶಾಪ ಹಾಕಿ ಎದ್ದು ಹೋದರು, ಕೆಲವರು ಉಳಿದರು. "ಈಗ ರೇಷ್ಮಿ ಯಾರು ಉಡತಾರ್ರಿ? ಮಂದಿ ಮನ್ಯಾಗ ಕುಂತಾರ. ನೈಟಿ ಬೇಕು, ಮಾಸ್ಕ್ ಬೇಕು" ಅಂದಳು ಕಾಶವ್ವ. ರೇಷ್ಮೆಯನ್ನು ನಷ್ಟ ಮಾಡಿಕೊಂಡೇ ಮಾಲು ಕೊಟ್ಟವರಿಗೆ ಹಿಂತಿರುಗಿಸಿದರು. ಮೇಲಿನ ಎರಡೂ ಅಂತಸ್ತು ಬಿಟ್ಟರು. ಕನ್ನಡಿ ಮಾರಿದರು, ಗೊಂಬೆ ಮಾರಿದರು. ಬ್ಯಾಂಕಿಗೆ ಹೋಗಿ ಕಂತಿನ ಅವಧಿ ಹೆಚ್ಚಿಸಿಕೊಂಡರು. ಫೋನಿನಲ್ಲಿ ಆರ್ಡರ್ ತೆಗೆದುಕೊಂಡು ಮನೆ ಮನೆಗೆ ಮುಟ್ಟಿಸಿದರು. ಮನೆ ಬಿಡಿಸಿಕೊಳ್ಳಲು ವರ್ಷಗಳೇ ಹಿಡಿದವು. ಆದರೆ ಅಂಗಡಿ ಉಳಿಯಿತು. ಈಗ ಅದು ಒಂದೇ ಶಟರಿನದು. ವ್ಯಾಪಾರದ ಒಂದು ಪಾಲು ಇಬ್ಬರ ಸಹಿಯೂ ಬೇಕಾದ ಬೇರೆ ಖಾತೆಗೆ ಹೋಗುತ್ತದೆ. ಉಳವಪ್ಪ ಇವತ್ತಿಗೂ ಗಿರಾಕಿ ಒಳಗೆ ಬಂದರೆ ಮೊದಲು ಅವರ ಬೆರಳು ನೋಡುತ್ತಾನಂತೆ, ಅಲುಗುತ್ತವೆಯೋ ಇಲ್ಲವೋ ಎಂದು.

ಈಗ ಹೇಳಿ, ಅವನನ್ನು ಕೆಡಿಸಿದ್ದು ರೋಗವೇ? ರೋಗ ಅಂಗಡಿಯ ಬಾಗಿಲು ಮುಚ್ಚಿಸಿತು, ಅಷ್ಟೇ. ಬಾಯಿ ಮುಚ್ಚಿಕೊಂಡವನು ಅವನೇ. ನಗಬೇಡಿ! ಇಲ್ಲಿ ಕುಳಿತವರಲ್ಲಿ ಎಷ್ಟು ಜನರ ಸಾಲ ಮನೆಯವರಿಗೆ ಗೊತ್ತಿದೆ?

ಗಳಿಸಿದ್ದರಲ್ಲಿ ಮೊದಲು ಕೆಟ್ಟ ದಿನಗಳ ಪಾಲು ತೆಗೆದಿಡಿ, ಥಳುಕು ಆಮೇಲೆ. ಗಲ್ಲಾದ ದುಡ್ಡು ಬೇರೆ ಇರಲಿ, ಅಡುಗೆಮನೆಯ ದುಡ್ಡು ಬೇರೆ ಇರಲಿ. ಕಾಲ ಬದಲಾದರೆ ಗಿರಾಕಿಗೆ ಏನು ಬೇಕೆಂದು ಗಿರಾಕಿಯನ್ನೇ ಕೇಳಿ. ಇವನ್ನೆಲ್ಲ ನಾಳೆಯಿಂದ ಶುರು ಮಾಡಿದರೂ ನಡೆದೀತು. ಇವತ್ತೇ ಆಗಬೇಕಾದದ್ದು ಒಂದಿದೆ. ಊಟ ಆದ ಮೇಲೆ ಟಿವಿ ಆರಿಸಿ. ಮನೆಯವರನ್ನು ಎದುರಿಗೆ ಕೂರಿಸಿಕೊಳ್ಳಿ. ಕೈಯಲ್ಲಿ ಎಷ್ಟಿದೆ, ಎಷ್ಟು ಕೊಡಬೇಕು, ನಾಳೆ ದುಡಿಮೆ ನಿಂತರೆ ಎಷ್ಟು ದಿನ ತಡೆದೀತು, ಬಾಯಿಬಿಟ್ಟು ಹೇಳಿ. ನಾಚಿಕೆಯಾಗುತ್ತದೆ. ಆಗಲಿ. ಹೇಳಿ.