ಸುಮ್ರೋತಿಯ ಕಂಬ

ಪಚ್‌ಮಢಿಯಲ್ಲಿ ಆ ಸಂಜೆ ಹಿಡಿದ ಮಳೆ ಬಿಡುವ ಹಾಗೆ ಕಾಣಲಿಲ್ಲ. ನನ್ನ ಜೀಪಿನಲ್ಲಿ ಬೆಟ್ಟ ಸುತ್ತಲು ಬಂದಿದ್ದ ನಾಗಪುರದವರು ಝಮಿಯಾ ಅಜ್ಜಿಯ ಚಹಾದಂಗಡಿಯ ಒಲೆ ಮುಂದೆ ಕೂತರು. ನಾಳೆ ಹಳೇ ದಾರಿಯಲ್ಲಿ ಹೋಗೋಣವೆಂದು ನಾನು ಹೇಳಿದ್ದೇ ತಡ, ಅಜ್ಜಿ ಶುರುಮಾಡಿದಳು.

"ಹಳೇ ದಾರೀನಾ? ಹೋಗಿ, ಯಾರು ಬೇಡ ಅಂದ್ರು... ಆದ್ರೆ ನನ್ನ ತಮ್ಮ ಝನಕಲಾಲನ ಕತೆ ಕೇಳ್ಕೊಂಡು ಹೋಗಿ. ಜೀಪ್ ಓಡಿಸೋದ್ರಲ್ಲಿ ಅವನು ಗಟ್ಟಿಗ, ದುಡಿಯೋದ್ರಲ್ಲಿ ಅವನ ಹೆಂಡತಿ ಸುಮ್ರೋತಿ. ಸೌದೆ ಹೊತ್ತು ಹೊತ್ತೇ ಜ್ವರ ಬಂದು ಸತ್ಲು. ನಮ್ಮ ಕೊರ್ಕು ಜನ ಸತ್ತೋರ ಹೆಸರಲ್ಲಿ ಸಾಗುವಾನಿ ಕಂಬ ಕೆತ್ತಿಸಿ ಊರ ಮಾವಿನ ಮರದಡಿ ನಿಲ್ಲಿಸ್ತೀವಿ, ಅಲ್ಲೀವರೆಗೂ ಅವರಿಗೆ ನೆಲೆಯಿಲ್ಲ, ಅಲೀತಾನೇ ಇರ್ತಾರೆ. ಇವನೋ, ಈ ಸೀಸನ್ ಮುಗೀಲಿ ಅಕ್ಕಾ, ಮುಂದಿನ ಸೀಸನ್ ಮುಗೀಲಿ ಅಕ್ಕಾ ಅಂತ ತಳ್ಕೊಂಡೇ ಬಂದ. ಕೊನೆಗೂ ಕೆತ್ತಿಸಿದ... ಮೇಲೆ ಸೂರ್ಯ ಚಂದ್ರ, ನಡುವೆ ಕುದುರೆ ಮೇಲೆ ಸುಮ್ರೋತಿ. ಬದುಕಿದ್ದಾಗ ಅವನ ಜೀಪಿನ ಮುಂದಿನ ಸೀಟಲ್ಲೂ ಕೂತೋಳಲ್ಲ, ಪಾಪದ್ದು!

"ಕಂಬ ಜೀಪಿಗೆ ಹಾಕ್ಕೊಂಡೋನು ನೆಟ್ಟಗೆ ಊರಿಗೆ ಬರಬಾರದಿತ್ತೇ? ದಾರೀಲಿ ಪ್ರವಾಸಿಗಳು ಕೈ ಅಡ್ಡ ಹಾಕಿದ್ರು, ಹತ್ತಿಸ್ಕೊಂಡ. ಹಳೇ ದಾರಿ ಕೆಸರಲ್ಲಿ ಚಕ್ರ ಹೂತ್ಕೊಳ್ತು... ಕತ್ತಲಾಗ್ತಿದೆ, ಮಗು ಅಳ್ತಿದೆ, 'ಏನಯ್ಯಾ, ಚಕ್ರದ ಕೆಳಗೆ ಒಂದು ಮರದ ತುಂಡಾದ್ರೂ ಕೊಡೋ!' ಅಂತ ಬೈತಿದಾರೆ. ಏನ್ಮಾಡಿದ ಹೇಳಿ? ಅವಳ ಕಂಬಾನೇ ಎಳೆದು ಚಕ್ರದ ಕೆಳಗಿಟ್ಟ. ಜೀಪ್ ಹತ್ತಿತು... ಅವಳ ಮುಖ ಜಜ್ಜಿಹೋಯ್ತು.

"ಹೊಸದು ಕೆತ್ತಿಸಿ ನಿಲ್ಲಿಸಿದ್ವಿ, ಕೋಳಿ ಕೊಟ್ವಿ, ಊರೆಲ್ಲ ಕುಣಿದ್ವಿ. ಬೆಳಿಗ್ಗೆ ಮರದಡಿ ಬರೀ ಗುಂಡಿ! ಕಂಬ ಹೋಗಿ ಅದೇ ಕೆಸರಲ್ಲಿ ಅಡ್ಡಡ್ಡ ಮಲಗಿತ್ತು. ತಂದು ನಿಲ್ಲಿಸಿದಷ್ಟು ಸಲವೂ ಅಲ್ಲಿಗೇ ಹೋಯ್ತು, ಕೊನೆಗೆ ಕೆಸರೊಳಗೇ ಇಳಿದುಹೋಯ್ತು. 'ಸಿಟ್ಟಾಗಿದ್ರೆ ಕಾಲು ಹಿಡೀತಿದ್ದೆ ಅಕ್ಕಾ' ಅಂತ ಅತ್ತ ಝನಕ. 'ಅವಳಿಗೆ ಸಿಟ್ಟೇ ಇಲ್ಲ. ನಾನು ಹಚ್ಚಿದ ಕೆಲಸ ಮಾಡ್ತಿದಾಳೆ...' ಆಮೇಲೆ ಅವನು ಸ್ಟೀರಿಂಗ್ ಮುಟ್ಟಲಿಲ್ಲ. ಆ ಕೆಸರಿನ ಪಕ್ಕ ಕೂತು, ಏಳೇ, ಸಾಕು ಏಳೇ ಅಂತ ಬೇಡ್ಕೊಂಡು ಬೇಡ್ಕೊಂಡೇ ಸತ್ತ."

ನಾಗಪುರದವನೊಬ್ಬ ನಕ್ಕ. "ಈಗ್ಲೂ ಅಲ್ಲೇ ಇದಾಳಾ ಅಜ್ಜಿ?"

ಅಜ್ಜಿ ನನ್ನ ಕಡೆ ಬೆರಳು ತೋರಿಸಿದಳು.

"ಇವನನ್ನೇ ಕೇಳಿ. ಇಷ್ಟು ಮಳೆಗಾಲದಲ್ಲಿ ಅಲ್ಲಿ ಒಂದ್ಸಲವಾದ್ರೂ ಇವನ ಜೀಪ್ ಸಿಕ್ಕೊಂಡಿದೆಯಾ?... ಕೆಳಗೆ ಕಲ್ಲಿದೆ ಅಂದ್ಕೊಂಡಿದಾನೆ."