ಹುಣಸೆತಿಟ್ಟಿನಲ್ಲಿ ಡ್ರೋನ್ ಹೊಡೆದ ವಿಚಾರ

ಕೆಂಪಾಜಮ್ಮ ಕೋಂ ಪುಟ್ಟಸಿದ್ದಯ್ಯ, 41 ವರ್ಷ, ವ್ಯವಸಾಯ ಮತ್ತು ಹಸು ಸಾಕಣೆ, ವಾಸ ಬಂಡಳ್ಳಿ ಗ್ರಾಮ, ಹನೂರು ತಾಲ್ಲೂಕು. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ನನ್ನ ಗಂಡ ಕಾವೇರಿ ಹೊಳೆಯ ನಡುವಿನ ಹುಣಸೆತಿಟ್ಟಿನಲ್ಲಿ ಅರಣ್ಯ ಇಲಾಖೆಯ ದಿನಗೂಲಿ ವಾಚರ್ ಆಗಿರುತ್ತಾರೆ. ಅದು ವನ್ಯಜೀವಿಗಳಿಗೆಂದು ಕಾಯ್ದಿರಿಸಿದ ನಡುಗಡ್ಡೆ. ಬೇಸಿಗೆಯಲ್ಲಿ ರೀವ ಹಕ್ಕಿಗಳು ಅಲ್ಲಿನ ಬರಿ ಮರಳಿನ ಮೇಲೆಯೇ ಮೊಟ್ಟೆ ಇಡುತ್ತವೆ. ನೋಡಲು ಬಂದವರನ್ನು ಮೊಟ್ಟೆಗಳ ಸುತ್ತ ಕಟ್ಟಿದ ಹಗ್ಗ ದಾಟಲು ಬಿಡದೆ, ಗದ್ದಲ ಮಾಡಲು ಬಿಡದೆ, ಕಸ ಹಾಕಲು ಬಿಡದೆ ವಾಪಸ್ ಕಳಿಸುವುದು ಅವರ ಕೆಲಸ. ಮಾರ್ಚ್ ಮೊದಲ ವಾರ ಹೋದವರು ಈತನಕ ಮನೆಗೆ ಎರಡು ಸಲ ಬಂದಿರುತ್ತಾರೆ. ಎರಡು ಸಲವೂ ಅಕ್ಕಿ ತೆಗೆದುಕೊಂಡು ಹೋಗಲು ಬಂದದ್ದು.

ಬಂದಾಗಲೂ ಆ ಹಕ್ಕಿಯದೇ ಮಾತು. ಅದಕ್ಕೆ ಹಳದಿ ಕೊಕ್ಕಂತೆ, ಕೆಂಪು ಕಾಲಂತೆ, ತಲೆಯ ಮೇಲೆ ಕರಿ ಟೋಪಿ ಇಟ್ಟಂತಿದೆಯಂತೆ. ಬಿಸಿಲೇರಿದರೆ ಹೊಳೆಗೆ ಹೋಗಿ ಹೊಟ್ಟೆ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದಂತೆ. ಕೂರದೆ ಹೋದರೆ ಸ್ವಲ್ಪ ಹೊತ್ತಿನಲ್ಲೇ ಮೊಟ್ಟೆ ಬೆಂದು ಹೋಗುತ್ತದಂತೆ. ಇದನ್ನು ಹೇಳುವಾಗ ಅವರ ಮುಖ ಅರಳಿತ್ತು. ಯುಗಾದಿಯಲ್ಲಿ ನಾನು ಜ್ವರ ಬಂದು ಮಲಗಿದ್ದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದ್ದು ಪಕ್ಕದ ಮನೆಯ ರತ್ನ. ಆ ಹಕ್ಕಿಯ ಹೆಸರೆತ್ತಿದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಇದನ್ನು ಮುಚ್ಚಿಡುವುದಿಲ್ಲ.

ನಿನ್ನೆ ದಿನಾಂಕ 20-04-2025 ಭಾನುವಾರ, ಆ ಹಕ್ಕಿ ಎಂಥವಳೆಂದು ಕಣ್ಣಾರೆ ನೋಡಿಯೇ ಬರೋಣವೆಂದು ಮುದ್ದೆ, ಬಸ್ಸಾರು ಕಟ್ಟಿಕೊಂಡು ಹೊರಟೆ. ಬೆಳಿಗ್ಗೆ ಸುಮಾರು 11-30ಕ್ಕೆ ರಾಜಣ್ಣನವರ ತೆಪ್ಪ ಹತ್ತಿದೆ. ಅದೇ ತೆಪ್ಪದಲ್ಲಿ ಮೈಸೂರಿನಿಂದ ಬಂದ ಶಾಂತಮೂರ್ತಿ ಎಂಬ ಪ್ರವಾಸಿಗರು ದೊಡ್ಡ ಬ್ಯಾಗ್ ಇಟ್ಟುಕೊಂಡು ಕುಳಿತಿದ್ದರು.

ತಿಟ್ಟಿಗೆ ಇಳಿದಾಗ ನನ್ನ ಗಂಡ ಹೇಗೆ ಬಂದೆ ಎಂದೂ ಕೇಳಲಿಲ್ಲ. ನನ್ನ ಚೀಲಕ್ಕೆ ಕೈ ಹಾಕಿ ಸಾರಿನ ಡಬ್ಬಿಗೆ ಸುತ್ತಿದ್ದ ಪ್ಲಾಸ್ಟಿಕ್ ಕವರ್ ಹೊರಗೆ ತೆಗೆದರು. ಕಟ್ಟಿಕೊಂಡ ಹೆಂಡತಿಯನ್ನೂ ತಪಾಸಣೆ ಮಾಡುತ್ತೀರಾ ಎಂದು ಗಲಾಟೆ ಮಾಡಿದೆ. ಅದಕ್ಕೆ ಅವರು, "ಎಂಡ್ತಿ ಅಂತ ಬುಟ್ರೆ ನಾಳೆ ಎಲ್ರೂ ಕೇಳ್ತಾರೆ ಕಣಮ್ಮಿ. ಮೆಲ್ಲಗೆ ಮಾತಾಡು, ಅವ್ಳು ಎದ್ದೋಯ್ತಾಳೆ" ಎಂದರು. ಹಕ್ಕಿಯನ್ನು ಅವಳು ಎಂದದ್ದನ್ನು ರಾಜಣ್ಣನವರೂ ಕೇಳಿರುತ್ತಾರೆ. ನಮ್ಮ ಈ ಜಗಳದಲ್ಲಿ ಶಾಂತಮೂರ್ತಿಯವರ ಬ್ಯಾಗನ್ನು ಯಾರೂ ನೋಡಲಿಲ್ಲ.

12-10ರ ಸುಮಾರಿಗೆ ತಿಟ್ಟಿನ ಇನ್ನೊಂದು ತುದಿಗೆ ನಾಯಿಗಳು ಈಜಿ ಬಂದವೆಂದು ನನ್ನ ಗಂಡ ಓಡಿದರು. ಶಾಂತಮೂರ್ತಿಯವರು ಬ್ಯಾಗಿನಿಂದ ಡ್ರೋನ್ ತೆಗೆದು ಹಾರಿಸಿದರು. ಇಲ್ಲಿ ಹಾರಿಸುವ ಹಾಗಿಲ್ಲವೆಂದು ರಾಜಣ್ಣನವರು ಹೇಳಿದ್ದಕ್ಕೆ ಎರಡೇ ನಿಮಿಷ ಎಂದರು. ಡ್ರೋನ್ ಹಗ್ಗ ದಾಟಿ ಹತ್ತು ಮೀಟರ್ ಒಳಗೆ, ಮೊಟ್ಟೆಗಳ ಮೇಲೆ ಎದೆಯೆತ್ತರಕ್ಕೆ ಇಳಿದು ನಿಂತಿತು. ಹಕ್ಕಿ ಎದ್ದು ಮೇಲೆ ಸುತ್ತುತ್ತಾ ಕಿರುಚಿಕೊಂಡಿತು. ಮೂರು ಮೊಟ್ಟೆಗಳು ಬಿಸಿಲಿಗೆ ಬಿದ್ದವು.

ಅದು ಎದ್ದು ಹೋಗಲಿ ಎಂದು ಒಂದೂವರೆ ತಿಂಗಳಿಂದ ಬೇಡಿಕೊಂಡವಳು ನಾನೇ. ಹೋದಾಗ ನೋಡಲಾಗಲಿಲ್ಲ. "ಇಳ್ಸಿ ಸಾ, ಮೊಟ್ಟೆ ಬೆಂದೋಯ್ತವೆ" ಎಂದು ಕೂಗಿದೆ. ಅವರು ಕೈಯಲ್ಲಿದ್ದ ರಿಮೋಟಿನ ಪರದೆಯಿಂದ ಕಣ್ಣು ತೆಗೆಯಲಿಲ್ಲ. ತೆಪ್ಪದ ಹುಟ್ಟು ಎತ್ತಿಕೊಂಡು ಹಗ್ಗ ದಾಟಿದೆ. ದಾಟಿದ್ದು ನನ್ನದೂ ತಪ್ಪೇ. ಒಂದೇ ಏಟಿಗೆ ಡ್ರೋನ್ ಆಚೆ ಬಂಡೆಗೆ ಬಡಿದು ಮುರಿಯಿತು. ಆಮೇಲೆ ಮೊಟ್ಟೆಗಳಿಗೆ ನೆರಳಾಗಲೆಂದು ಸೆರಗು ಹರಡಿ ನಿಂತೆ. ಚಪ್ಪಲಿ ಎಲ್ಲೋ ಕಳಚಿಹೋಗಿತ್ತು. ಮರಳು ಕೆಂಡವಾಗಿತ್ತು.

ನನ್ನ ಗಂಡ ಓಡಿ ಬಂದರು. ಒಂದು ಒಳ್ಳೆಯ ಮಾತು ಆಡುತ್ತಾರೆಂದುಕೊಂಡೆ. "ನೀನಿದ್ರೆ ಅವ್ಳು ಬರಾಕಿಲ್ಲ, ಈಚೆ ಬಾರಮ್ಮಿ" ಎಂದರು. ಅಳುತ್ತಾ ಹಗ್ಗದ ಈಚೆಗೆ ಬಂದೆ. ಹಕ್ಕಿ ಹೊಳೆಗಿಳಿದು ಹೊಟ್ಟೆ ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕುಳಿತಿತು. ಅದು ಕುಳಿತದ್ದನ್ನು ನೋಡಿದ ಮೇಲೆ ನನ್ನ ಗಂಡ ತಮ್ಮ ಟವೆಲನ್ನು ಹೊಳೆಯಲ್ಲಿ ಅದ್ದಿ ತಂದು ನನ್ನ ಅಂಗಾಲಿಗೆ ಸುತ್ತಿದರು. ಮೊದಲು ಅವಳು, ಆಮೇಲೆ ನಾನು.

ಶಾಂತಮೂರ್ತಿಯವರು ದೂರು ಕೊಟ್ಟಾಗ ನನ್ನ ಗಂಡ, "ನಾ ಏಳಿದ್ಕೇ ಅವ್ಳು ವಡ್ದಿದ್ದು ಸಾ" ಎಂದು ಠಾಣೆಯಲ್ಲಿ ಹೇಳಿರುವುದಾಗಿ ರಾಜಣ್ಣನವರಿಂದ ತಿಳಿಯಿತು. ಅದು ಸುಳ್ಳು. ಆಗ ಅವರು ಸುಮಾರು 300 ಮೀಟರ್ ದೂರದಲ್ಲಿ ನಾಯಿ ಓಡಿಸುತ್ತಿದ್ದರು. ಆ ಸುಳ್ಳು ಹಾಗೇ ಉಳಿದರೆ ಅವರ ಕೆಲಸ ಹೋಗುತ್ತದೆ, ನಾಳೆಯಿಂದ ಮನೆಯಲ್ಲೇ ಇರುತ್ತಾರೆ. ನನಗೆ ಬೇಕಾಗಿದ್ದುದೂ ಅದೇ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಹಾಗೆ ಬಂದು ಜಗಲಿಯಲ್ಲಿ ಕೂತವರು ದಿನವಿಡೀ ಹೊಳೆಯ ಕಡೆಗೇ ಮುಖ ಮಾಡಿಕೊಂಡಿರುತ್ತಾರೆ. ಅಂಥ ಗಂಡ ನನಗೆ ಬೇಡ. ನನಗೆ ಯಾರೂ ಹೇಳಿಕೊಟ್ಟಿಲ್ಲ, ಹೊಡೆದವಳು ನಾನು.

ವಿಚಾರಣೆಗೆಂದು ಅವರನ್ನು ಮತ್ತೆ ತಿಟ್ಟಿನಿಂದ ಕರೆಸಬಾರದೆಂದು ಕೋರುತ್ತೇನೆ. ಮರಿ ಹಾರುವವರೆಗೆ ಅವರು ಅವಳಿಗಿರಲಿ. ಆಮೇಲೆ ನನಗೆ ಬೇಕು.

ಮೇಲೆ ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದು, ಎಲ್ಲವೂ ನಿಜ, ಒಂದು ಮಾತೂ ಕಟ್ಟಿದ್ದಲ್ಲ. ಹೊಟ್ಟೆ ಉರಿಯುತ್ತಿತ್ತು ಎಂಬುದನ್ನು ತೆಗೆದುಬಿಡಲೇ ಎಂದು ಬರೆದುಕೊಂಡ ಪೇದೆಯವರು ಕೇಳಿದರು. ಬೇಡ, ಈಗಲೂ ಉರಿಯುತ್ತಿದೆ, ಹಾಗೇ ಇರಲಿ ಎಂದಿರುತ್ತೇನೆ.

ಸ್ಥಳ: ಹನೂರು
ದಿನಾಂಕ: 21-04-2025
ಸಹಿ: ಕೆಂಪಾಜಮ್ಮ